ಹನ್ನೊಂದು ಕೊಕ್ಕೆ, ಹತ್ತು ಕಾಳು

"ನಿನ್ನ ತಲಿ ದೇವರು ಚೀಲ ಹೊರಾಕ ಕೊಟ್ಟಾನಲೇ ಮಲ್ಲೇಶ, ವಿಚಾರ ಮಾಡಾಕಲ್ಲ. ಸುಮ್ಮನ ಅದಕ್ಯಾಕ ತ್ರಾಸ ಕೊಡ್ತಿ?"

ಸುನೀಲ ಈ ಮಾತು ಆಡಿದ್ದು ಅಕ್ಕಿ ಮಿಲ್ಲಿನಲ್ಲಿ ಲಾರಿ ತೂಗುವ ಕಾಟಾದ ಕೋಣೆಯಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ. ಎದುರಿಗೆ ಟೋಳಿಯ ಹನ್ನೊಂದೂ ಹಮಾಲರಿದ್ದರು. ಕಾಟಾದ ಮೇಲೆ ಲಾರಿ ನಿಲ್ಲಿಸಿ ಟಿವಿ ನೋಡಲು ಒಳಗೆ ನುಗ್ಗಿದ್ದ ಮುದಗಲ್ಲಿನ ಇಬ್ಬರು ಡ್ರೈವರ್‌ಗಳೂ ಇದ್ದರು. ಒಂದು ಗಳಿಗೆ ಯಾರೂ ನಗಲಿಲ್ಲ. ಆಮೇಲೆ ಡ್ರೈವರ್‌ಗಳಲ್ಲಿ ಒಬ್ಬ ಕಿಸಕ್ಕೆಂದ. ಅಷ್ಟೇ ಸಾಕಾಯಿತು. ಪರವಾನಗಿ ಸಿಕ್ಕವರ ಹಾಗೆ ಎಲ್ಲರೂ ನಕ್ಕರು. ಹಲ್ಲಿಲ್ಲದ ಮುದುಕಪ್ಪ ಕೂಡ ತುಟಿ ಅಗಲಿಸಿದ.

ಮಲ್ಲೇಶನ ಸಿಟ್ಟು ಸಿಂಧನೂರಿನಿಂದ ಮಸ್ಕಿಯವರೆಗಿನ ಮಿಲ್ಲುಗಳಿಗೆಲ್ಲ ಗೊತ್ತಿರುವಂಥದು. ಎರಡು ವರ್ಷದ ಹಿಂದೆ ಯಾವನೋ ಕ್ಲೀನರ್ ಅವನ ಅಪ್ಪನ ಮುರಿದ ಸೊಂಟದ ಬಗ್ಗೆ ಏನೋ ಅಂದದ್ದಕ್ಕೆ, ಅವನನ್ನು ಅನಾಮತ್ತಾಗಿ ಎತ್ತಿ ಹೊಟ್ಟಿನ ರಾಶಿಯೊಳಗೆ ಎದೆಮಟ್ಟ ಊರಿದ್ದ. ಆದರೆ ಸುನೀಲ ಕ್ಲೀನರ್ ಅಲ್ಲ, ಕಾಟಾದವನು. ಬಿ.ಕಾಂ. ಪಾಸಾದವನು. ಟೋಳಿ ದಿನಕ್ಕೆ ಎಷ್ಟು ಚೀಲ ಇಳಿಸಿತು ಎಂದು ಬರೆಯುವ ಪೆನ್ನು ಅವನ ಜೇಬಿನಲ್ಲಿತ್ತು. ಟಿವಿಯ ರಿಮೋಟೂ ಅವನ ಕೈಯಲ್ಲೇ ಇತ್ತು. ಮಲ್ಲೇಶ ರೊಟ್ಟಿಯ ತುತ್ತನ್ನು ಬಾಯಿಗಿಟ್ಟು, ಸಿಟ್ಟನ್ನೂ ಅದರ ಜೊತೆಗೆ ಅಗಿದು ನುಂಗಿದ.

ಮಲ್ಲೇಶ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. 'ಅಡವಿ ಸವಾಲ್' ಎಂಬ ಆ ಕಾರ್ಯಕ್ರಮದಲ್ಲಿ ಹನ್ನೆರಡು ಜನ ಪಟ್ಟಣದವರನ್ನು ಒಂದು ಕಾಡಿನಲ್ಲಿ ಬಿಟ್ಟಿದ್ದರು. ಒಂದು ಕೊಡಲಿ, ಒಂದು ಪಾತ್ರೆ, ತಲೆಗೊಂದು ಹಿಡಿ ಅಕ್ಕಿ. ವಾರಕ್ಕೊಮ್ಮೆ ಅವರವರೇ ಸೇರಿ ಓಟು ಹಾಕಿ ತಮ್ಮಲ್ಲಿ ಒಬ್ಬನನ್ನು ಹೊರಗೆ ದಬ್ಬಬೇಕು. ಕಡೆಗೆ ಉಳಿದವನು ಗೆದ್ದಂತೆ. ಹಿಂದಿನ ದಿನ ತೋರಿಸಿದ್ದನ್ನೇ ಮಧ್ಯಾಹ್ನ ಒಂದಕ್ಕೆ ಮತ್ತೆ ತೋರಿಸುತ್ತಿದ್ದರು. ಬುತ್ತಿ ಬಿಚ್ಚುವ ಹೊತ್ತೂ ಅದೇ. ಕಾಡಿನವರ ಹೆಸರು ಹಮಾಲರ ಬಾಯಿಗೆ ಹೊಂದಲಿಲ್ಲ, ತಾವೇ ಹೆಸರಿಟ್ಟುಕೊಂಡಿದ್ದರು. ಕುಸ್ತಿಯಾಡುವವನು ಪೈಲ್ವಾನ. ಧಾರಾವಾಹಿಯಲ್ಲಿ ಸೊಸೆಯನ್ನು ಕಾಡುವ ನಟಿ ಅತ್ತಿ. ಮೂರು ಹೊತ್ತೂ ಉಪದೇಶ ಮಾಡುವವನು ಕನ್ನಡಕ. ಆವತ್ತು ಆ ಅತ್ತಿ ಮತ್ತು ಕನ್ನಡಕ ಸೇರಿ ಪೈಲ್ವಾನನನ್ನೇ ಓಟು ಹಾಕಿಸಿ ಹೊರಗೆ ಕಳಿಸಿದ್ದರು.

ಮಲ್ಲೇಶ ಅಂದದ್ದು ಇಷ್ಟೇ: "ಕಟಗಿ ತರಾವ ಅವನ, ನೀರು ತರಾವ ಅವನ, ಬೆಂಕಿ ಹಚ್ಚಾವ ಅವನ. ಅವನ್ನ ಹೊರಗ ಹಾಕಿದ್ರ ನಾಳಿಗೆ ಕಟಗಿ ಯಾರು ತರ್ತಾರ್ರೀ? ಇವಕ್ಕ ತಲಿ ಐತೋ ಇಲ್ಲೋ?"

ಅದಕ್ಕೇ ಸುನೀಲ ತಲೆಯ ಮಾತು ಎತ್ತಿದ್ದು. ನಗೆ ಇಳಿದ ಮೇಲೆ ಅವನು ಪಾಠವನ್ನೂ ಒಪ್ಪಿಸಿದ. "ಇದು ಗೇಮ್ ಐತ್ರೀ. ಬಲ ಇದ್ದಾವ ಎಲ್ಲಾರಿಗೂ ಡೇಂಜರ್. ಅವನ್ನ ಮೊದಲ ತೆಗದ್ರ ಉಳಿದವರು ಆರಾಮ ಇರ್ತಾರ. ಇದಕ್ಕ ಸ್ಟ್ರಾಟಜಿ ಅಂತಾರ. ಏಳನೇ ಕ್ಲಾಸಿನ ಮಟ ಇದನ್ನ ಕಲಿಸಂಗಿಲ್ಲ, ಅದು ನಮ್ಮ ಮಲ್ಲೇಶನ ತಪ್ಪಲ್ಲ ಬಿಡ್ರಿ."

ನಕ್ಕಿದ್ದರೂ ಟೋಳಿ ಮಾತ್ರ ಮಲ್ಲೇಶನ ಕಡೆಗೇ ಇತ್ತು. ಮುಕಾದಮ ಗೌಸ್‌ಸಾಬ್ ಅರ್ಧ ಉಂಡಿದ್ದ ಡಬ್ಬಿಯನ್ನು ಮುಚ್ಚಿಬಿಟ್ಟ. ಮೂವತ್ತು ವರ್ಷದಿಂದ ಟೋಳಿ ನಡೆಸಿದವನು, ಗಡ್ಡವೆಲ್ಲ ಬೆಳ್ಳಗಾದವನು, ಮಗಳನ್ನು ಲಿಂಗಸುಗೂರಿನ ಬೀಗರ ಮನೆಗೆ ಕಳಿಸುವಾಗಲೂ ಕಣ್ಣೀರು ಹಾಕದವನು, ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ.

"ಬೇಮಾನಿ ಮಾಡಿದ್ರಲ್ಲೋ," ಅಂದ. "ಹದಿನೈದು ದಿನ ಅವನು ತಂದ ಕಟಗಿ ಮ್ಯಾಲ ಅನ್ನ ಉಂಡ್ರು. ಈಗ ಅವನ್ನ ಹೊರಗ ಹಾಕಿದ್ರು. ಖುದಾ ಇದನ್ನ ಮಾಫ್ ಮಾಡಂಗಿಲ್ಲ."

"ಆ ಅತ್ತಿ ಮುಖಾ ನೋಡಿದಾಗ ನನಗ ಗೊತ್ತಾಗಿತ್ತು ಮಾಮಾ," ಅಂದ ಜಾವೀದ್. ಟೋಳಿಯಲ್ಲಿ ನಗಿಸುವ ಕೆಲಸ ಅವನದು. ಆದರೆ ಆವತ್ತು ಅವನೂ ನಗಿಸಲಿಲ್ಲ. "ಧಾರಾವಾಹಿನಾಗ ಸೊಸಿನ್ನ ಉಣ್ಣಾಕ ಬಿಡ್ಲಿಲ್ಲ, ಇಲ್ಲಿ ಅವನ್ನ ಉಣ್ಣಾಕ ಬಿಡ್ಲಿಲ್ಲ."

ಆ ಮಂದಿ ಆ ಕಾರ್ಯಕ್ರಮವನ್ನು ನೋಡುತ್ತಿದ್ದ ರೀತಿಯೇ ಹಾಗಿತ್ತು. ಬೆಳಗಿನಿಂದ ಎಪ್ಪತ್ತೈದು ಕಿಲೋದ ಭತ್ತದ ಚೀಲಗಳನ್ನು ಬೆನ್ನ ಮೇಲೆ ಹೊತ್ತು, ಹಲಗೆ ಹತ್ತಿ, ಗೋದಾಮಿನ ತೊಲೆಯವರೆಗೂ ಒಟ್ಟಿ ಬಂದವರು ಆ ಕೋಣೆಯಲ್ಲಿ ಕಾಲು ಚಾಚಿ ಕೂರುತ್ತಿದ್ದರು. ಟಿವಿಯಲ್ಲಿ ಕನ್ನಡಕ ಇಪ್ಪತ್ತು ಕಿಲೋದ ಒಂದು ಮರಳಿನ ಚೀಲ ಹೊತ್ತು ಹಳ್ಳ ದಾಟುತ್ತಿದ್ದ. ಹಿಂದೆ ಪಿಟೀಲು. ಕನ್ನಡಕದ ಮುಖದ ಮೇಲಿನ ಬೆವರಿನ ಒಂದು ಹನಿ ಅರ್ಧ ನಿಮಿಷ ಇಳಿಯುತ್ತಿತ್ತು. ಹನ್ನೊಂದು ಹಮಾಲರು ಉಸಿರು ಹಿಡಿದು ಕೂರುತ್ತಿದ್ದರು. "ಪಾಪ, ನೋಡ್ರೋ, ಹೆಂಗ ತೇಕಾಕತ್ತಾನ," ಎಂದು ಮುದುಕಪ್ಪ ಲೊಚಗುಟ್ಟುತ್ತಿದ್ದ. ಇನ್ನೊಂದು ದಿನ ಪೊದೆಯಲ್ಲಿ ಒಂದು ಹಾವಿನ ಬಾಲ ಕಂಡದ್ದಕ್ಕೆ ಮೂರು ಸಲ ಜಾಹೀರಾತು ಬಿಟ್ಟು ಕಾಯಿಸಿದರು. ಅದೇ ದಿನ ಬೆಳಿಗ್ಗೆ ಇದೇ ಮುದುಕಪ್ಪ ಚೀಲದ ಸಂದಿಯಲ್ಲಿ ಮಲಗಿದ್ದ ನಾಗರಹಾವನ್ನು ಚೀಲ ಎಳೆಯುವ ಕೊಕ್ಕೆಯ ತುದಿಯಲ್ಲಿ ಎತ್ತಿ ಕಾಲುವೆಯ ಕಡೆ ಬಿಟ್ಟು ಬಂದಿದ್ದ. ಅವನಿಗೆ ಅದು ನೆನಪೇ ಆಗಲಿಲ್ಲ. ಎಲ್ಲರಿಗಿಂತ ಮುಂದೆ ಬಾಗಿ ಟಿವಿ ನೋಡುತ್ತ, "ಯಪ್ಪಾ, ಕಚ್ಚೀತು, ಹುಷಾರ್," ಅನ್ನುತ್ತಿದ್ದ.

ಪೈಲ್ವಾನನಿಗಾದ ಅನ್ಯಾಯಕ್ಕೆ ಟೋಳಿ ಮರುದಿನ ಬಹಿಷ್ಕಾರ ಹಾಕಿತು. ಗೌಸ್‌ಸಾಬ್ ಟಿವಿಯ ಮೇಲೆ ಟವೆಲು ಹೊದಿಸಿದ. ಟಿವಿ ಇಲ್ಲದೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಉಣ್ಣಬೇಕಾಯಿತು. ಅದು ಯಾರಿಗೂ ರುಚಿಸಲಿಲ್ಲ. ಅದರ ಮರುದಿನ ಜಾವೀದ್, "ಅತ್ತಿ ಏನ್ ಅನ್ಭವಿಸಾಕತ್ತಾಳ ನೋಡಾಕರ ಹಚ್ಚಬೇಕಲ್ಲ ಮಾಮಾ," ಅಂದ. ಟವೆಲು ಗೌಸ್‌ಸಾಬನ ಹೆಗಲಿಗೆ ವಾಪಸು ಬಂತು. ಅತ್ತಿ ಏನೂ ಅನುಭವಿಸುತ್ತಿರಲಿಲ್ಲ. ಬೇರೆ ಯಾರೋ ಕಟ್ಟಿಗೆ ತಂದಿದ್ದರು, ಅವಳು ಗಂಜಿ ಕುಡಿಯುತ್ತಿದ್ದಳು.

ಶುಕ್ರವಾರ ಮ್ಯಾನೇಜರ್ ಗೌಸ್‌ಸಾಬನನ್ನು ಆಫೀಸಿಗೆ ಕರೆಸಿದ. ಅಲ್ಲಿಂದ ಬಂದವನು ಕಾಟಾ ಕೋಣೆಯ ಹೊಸ್ತಿಲ ಮೇಲೆ ಕುಕ್ಕರಗಾಲಿನಲ್ಲಿ ಕೂತ.

"ಸೋಮವಾರದಿಂದ ಹತ್ತು ಮಂದಿ ಸಾಕಂತ," ಅಂದ. "ಲಿಂಗಸುಗೂರು ಕಡೆ ಮಿಲ್ಲಿನ್ಯಾಗ ಒಂಬತ್ತ ಮಂದಿ ಅದಾರಂತ. ಒಬ್ಬನ್ನ ಇಳಸು, ಯಾರನ್ನ ಅನ್ನಾದು ನೀನ ಫೈಸಲಾ ಮಾಡು ಅಂದ್ರು."

ಎಂಟು ಜೊತೆ ಕಣ್ಣು ಮುದುಕಪ್ಪನ ಮೇಲೆ ಹೋಗಿ ಕೂತು, ನಾಚಿಕೊಂಡು ಮತ್ತೆ ಟಿವಿಗೆ ಮರಳಿದವು.

ಟೋಳಿಯಲ್ಲಿ ಹಳೆಯದೊಂದು ಪದ್ಧತಿಯಿತ್ತು. ದಿನದ ದುಡಿತ ಎಲ್ಲರಿಗೂ ಸಮಪಾಲು. ಹುಡುಗನಾದರೂ ಅಷ್ಟೇ, ಮುದುಕನಾದರೂ ಅಷ್ಟೇ, ನೂರು ಚೀಲ ಹೊತ್ತವನಾದರೂ ಅಷ್ಟೇ. ಒಬ್ಬನ ಜಾಗ ಅವನದೇ. ಅವನೇ ಕೊಕ್ಕೆ ಕೆಳಗಿಡುವವರೆಗೆ ಯಾರೂ ಕಸಿಯುವಂತಿಲ್ಲ. ಅವನು ಕೆಳಗಿಟ್ಟರೆ ಜಾಗ ಅವನ ಮಗನಿಗೆ. ಮಲ್ಲೇಶನಿಗೆ ಬಂದದ್ದು ಹಾಗೆಯೇ. ಅಪ್ಪನ ಸೊಂಟದ ಮೇಲೆ ಚೀಲದ ಒಟ್ಟಿಲು ಜಾರಿದ ವರ್ಷ ಅವನು ಏಳನೇ ಕ್ಲಾಸಿನಲ್ಲಿದ್ದ. ಅವ್ವ ಯಂಕಮ್ಮ ಪಾಟೀಚೀಲವನ್ನು ಗೂಟಕ್ಕೆ ತಗುಲಿಹಾಕಿ, ಅದೇ ಗೂಟದಿಂದ ಅಪ್ಪನ ಕೊಕ್ಕೆ ತೆಗೆದು ಕೈಗೆ ಕೊಟ್ಟಳು. ಮಸ್ಕಿಯ ಮನೆಯಲ್ಲಿ ಇನ್ನೂ ಮಲಗಿಯೇ ಇರುವ ಅಪ್ಪನಿಂದ ಅವನಿಗೆ ಬಂದ ಆಸ್ತಿ ಅಂದರೆ ಈ ಜಾಗ ಒಂದೇ. ಒಂದು ಟೋಳಿಯಿಂದ ಇಳಿದವನನ್ನು ಇನ್ನೊಂದು ಟೋಳಿ ತೆಗೆದುಕೊಳ್ಳುವುದಿಲ್ಲ. ಅಲ್ಲಿಯ ಜಾಗಗಳಿಗೂ ಅಪ್ಪಂದಿರಿದ್ದಾರೆ, ಮಕ್ಕಳಿದ್ದಾರೆ.

ಮುದುಕಪ್ಪನಿಗೆ ಮಕ್ಕಳಿರಲಿಲ್ಲ. ಗುರುಗುಂಟಾದಿಂದ ಬಂದು ಮಿಲ್ಲಿನ ಹಿಂದಿನ ಗುಡಿಸಲಿನಲ್ಲಿ ಒಬ್ಬನೇ ಇದ್ದ. ಮಲ್ಲೇಶನಿಗೆ ಚೀಲ ಬೆನ್ನಿಗೆ ಹಾಕಿಕೊಳ್ಳುವುದನ್ನು ಕಲಿಸಿದವನು ಅವನೇ. ಆರು ತಿಂಗಳಿಂದ ಅವನ ಮೊಣಕಾಲು ಹಲಗೆ ಹತ್ತಲು ಒಲ್ಲೆ ಅನ್ನುತ್ತಿತ್ತು. ಅವನ ಪಾಳಿ ಬಂದಾಗಲೆಲ್ಲ ಮಲ್ಲೇಶ, "ಕಾಕಾ, ನೀ ಬೀಡಿ ಹಚ್ಚು," ಅನ್ನುತ್ತಿದ್ದ. ತನ್ನ ಚೀಲ ಇಳಿಸಿ ಓಡಿಬಂದು ಅವನದನ್ನೂ ಹೊತ್ತು ಹಾಕುತ್ತಿದ್ದ. ಅದಕ್ಕೆ ಯಾರೂ ಅವನಿಗೆ ಶಾಬಾಸ್ ಅಂದಿರಲಿಲ್ಲ. ಅವನೂ ಬಯಸಿರಲಿಲ್ಲ.

ಆ ಎಂಟು ಜೊತೆ ಕಣ್ಣು ಕಂಡಿದ್ದೇ ಮಲ್ಲೇಶನ ಮೈ ಉರಿಯಿತು. "ಕಾಕಾನ ಪಾಳಿ ನಾ ಹೊರಾಕತ್ತೀನಲ್ಲ, ಮುಂದೂ ಹೊರ್ತೀನಿ," ಅಂದ. "ಯಾರನ್ನೂ ಇಳಸಬ್ಯಾಡ್ರಿ ಮಾಮಾ. ಹೋಗಿ ಮ್ಯಾನೇಜರ್‌ಗ ಹಂಗ ಹೇಳ್ರಿ. ಬೇಕಾರ ನಾನ ಬಂದು ಹೇಳ್ತೀನಿ."

"ನೀ ಬರಬ್ಯಾಡ," ಅಂದ ಗೌಸ್‌ಸಾಬ್ ತಟ್ಟನೆ. ಮತ್ತೆ ಏನೋ ಹೇಳಹೋಗಿ, ನುಂಗಿಕೊಂಡು, ಅಂಗಳದ ಕಡೆ ಮುಖ ತಿರುವಿದ.

ಗೌಸ್‌ಸಾಬನ ಸಂಕಟ ಸುಳ್ಳಲ್ಲ. ಯಾರನ್ನು ಇಳಿಸಿದರೂ ಗುನ್ಹೆ ತನ್ನ ತಲೆಗೆ ಬರುತ್ತದೆ. ಶುಕ್ರವಾರ ಬೇರೆ, ಆಗಷ್ಟೇ ನಮಾಜು ಮುಗಿಸಿ ಬಂದಿದ್ದ. ಆ ಸಂಕಟವನ್ನು ಕಂಡ ಸುನೀಲನಿಗೆ ಕರುಣೆ ಬಂತು. ಓದಿದವರಿಗೆ ಬರುವ ಕರುಣೆ ಅದು. ಬರುವಾಗ ಒಂದು ಉಪಾಯವನ್ನೂ ಜೊತೆಗೆ ತರುತ್ತದೆ.

"ನಿಮ್ಮ ತಲಿ ಮ್ಯಾಲ ಯಾಕ ತಗೋತೀರಿ ಗೌಸ್‌ಸಾಬ್? ಓಟ್ ಹಾಕ್ಸ್ರಿ. ಅಡವಿ ಸವಾಲಿನ್ಯಾಗ ಮಾಡಂಗಿಲ್ಲೇನು? ಎಲ್ಲಾರೂ ಕೂಡಿ ಮಾಡಿದ್ರ ಯಾರದೂ ತಪ್ಪಿಲ್ಲ."

ಮೂರು ದಿನದ ಹಿಂದೆ ಅದೇ ಓಟಿಗೆ ಅತ್ತ ಮಂದಿ ಈಗ ಒಬ್ಬರನ್ನೊಬ್ಬರು ನೋಡಿದರು. ಬೇಡ ಅನ್ನಲು ಯಾರಿಗಾದರೂ ಬಾಯಿ ಬರುತ್ತದೆಂದು ಮಲ್ಲೇಶ ಕಾದ. ಬರಲಿಲ್ಲ. ಬದಲಿಗೆ ಎಲ್ಲರ ಮುಖದಲ್ಲಿ ಒಂದು ಕಳೆ ಬಂತು. ಇಷ್ಟು ದಿನ ನೋಡಿದ್ದು ವ್ಯರ್ಥವಾಗಲಿಲ್ಲ ಎಂಬಂಥ ಕಳೆ.

"ನಮ್ಮಾಗ ಬರಿಯಾಕ ಬರಾದು ನಾಕ ಮಂದಿಗೆ," ಅಂದ ಜಾವೀದ್. "ಉಳಿದವರು ಚೀಟಿನಾಗ ಹೆಬ್ಬಟ್ಟು ಒತ್ತಬೇಕೇನು?"

ಅದಕ್ಕೂ ಸುನೀಲನ ಹತ್ತಿರ ಉತ್ತರವಿತ್ತು. ಗೋದಾಮಿನ ಗೋಡೆಗೆ ಹನ್ನೊಂದು ಮೊಳೆ, ಹನ್ನೊಂದು ಮೊಳೆಗೆ ಹನ್ನೊಂದು ಕೊಕ್ಕೆ. ಯಾರ ಕೊಕ್ಕೆ ಯಾವುದು ಎಂದು ಕತ್ತಲಲ್ಲಿ ಮುಟ್ಟಿ ಕೂಡ ಹೇಳಬಲ್ಲರು: ಒಂದಕ್ಕೆ ತಂತಿ ಸುತ್ತಿದೆ, ಒಂದರ ಹಿಡಿ ಸೀಳಿದೆ, ಜಾವೀದನದಕ್ಕೆ ಹಸಿರು ದಾರ, ಮಲ್ಲೇಶನದಕ್ಕೆ ಅಪ್ಪನ ಕೈಯ ಸವೆತ. ಪ್ರತಿ ಕೊಕ್ಕೆಯ ಕೆಳಗೆ ಚಹಾ ಕುಡಿಯುವ ಒಂದು ಕಾಗದದ ಕಪ್ಪು ಇಡುವುದು. ಪ್ರತಿಯೊಬ್ಬನ ಕೈಗೆ ಒಂದು ಭತ್ತದ ಕಾಳು. ಒಬ್ಬೊಬ್ಬನೇ ಒಳಗೆ ಹೋಗಿ, ಯಾರು ಇಳಿಯಬೇಕೋ ಅವನ ಕಪ್ಪಿನಲ್ಲಿ ಕಾಳು ಹಾಕಿ ಬರುವುದು.

"ಶಾಣ್ಯಾ ಅದೀರಿ ಸರ ನೀವು," ಎಂದು ಹಮಾಲರು ತಲೆದೂಗಿದರು. ಮುದುಕಪ್ಪನೂ ದೂಗಿದ.

ಶನಿವಾರ ಮಧ್ಯಾಹ್ನ ಎರಡು ಲಾರಿ ಬೇಗ ಬೇಗ ಇಳಿಸಿದರು. ಹಬ್ಬದ ಹಿಂದಿನ ದಿನದಂಥ ಗಡಿಬಿಡಿ ಇತ್ತು. ಯಾರೋ ಗೋದಾಮಿನ ನೆಲ ಗುಡಿಸಿದರು. ಸುನೀಲ ಕಪ್ಪುಗಳನ್ನು ಸಾಲಾಗಿ ಇಟ್ಟು, ವಿಡಿಯೋ ತೆಗೆಯಲು ಮೊಬೈಲ್ ಎತ್ತಿ ಹಿಡಿದ. ಓಟಿಗೆ ಮುಂಚೆ ಪ್ರತಿಯೊಬ್ಬರೂ ತಾನು ಯಾಕೆ ಉಳಿಯಬೇಕು ಎಂದು ಎರಡು ಮಾತು ಹೇಳಬೇಕಂತೆ. ಕಾಡಿನಲ್ಲಿ ಹಾಗೆಯೇ ಮಾಡುತ್ತಾರೆ.

"ನನಗಿರಾಕಿ ಒಬ್ಬಾಕಿ ಹೆಂಡ್ತಿ," ಅಂದ ಜಾವೀದ್. "ದಿನಾ ಮನ್ಯಾಗ ನಾ ಆಕಿ ಮುಂದ ಕುಂತ್ರ, ಇಬ್ಬರಾಗ ಒಬ್ಬರು ಉಳಿಯಂಗಿಲ್ಲ. ಅದಕ್ಕ ನನ್ನ ಇಳಸಬ್ಯಾಡ್ರಿ."

ಎಲ್ಲರೂ ನಕ್ಕರು. ಉಳಿದವರು ಮಕ್ಕಳ ಹೆಸರು ಹೇಳಿದರು, ಮುದಿ ತಾಯಿಯ ಹೆಸರು ಹೇಳಿದರು. ಒಬ್ಬನಂತೂ ಟಿವಿಯವರ ಹಾಗೆ "ಈ ಪಯಣದಲ್ಲಿ ನಾನು ಬಹಳಷ್ಟು ಕಲಿತೆ" ಅಂದ. ಮುದುಕಪ್ಪನ ಸರದಿ ಬಂದಾಗ ಅವನು ಎದ್ದು ನಿಂತು, ಬಾಯಿ ತೆರೆದು, "ನಾ ಏನ್ ಹೇಳ್ಲೆಪಾ. ನಾ ಅದೀನಿ ಅಷ್ಟ," ಎಂದು ಕೂತ. ಮಲ್ಲೇಶ ಕೂತಲ್ಲಿಂದ ಏಳಲಿಲ್ಲ.

"ಏನರ ಹೇಳಲೇ," ಅಂದ ಸುನೀಲ ಮೊಬೈಲ್ ತಿರುಗಿಸಿ.

"ನಮ್ಮಪ್ಪನ ಜಾಗ," ಅಂದ ಮಲ್ಲೇಶ. "ಅದನ್ನೂ ನಿಮ್ಮ ಫೋನಿಗೆ ಹೇಳಬೇಕೇನು?"

ಆಮೇಲೆ ಒಬ್ಬೊಬ್ಬರೇ ಒಳಗೆ ಹೋದರು. ಹೋಗುವಾಗ ಮುಖ ಗಂಭೀರ, ಬರುವಾಗ ಇನ್ನೂ ಗಂಭೀರ. ಕಾಡಿನವರೂ ಹಾಗೇ ಬರುತ್ತಿದ್ದರು. ಮಲ್ಲೇಶ ಎಂಟನೆಯವನಾಗಿ ಹೋದ. ಕಪ್ಪುಗಳ ಮೇಲೆ ಸುನೀಲ ಒಂದೊಂದು ರಟ್ಟು ಮುಚ್ಚಿದ್ದ. ಒಳಗೆ ಯಾವುದರಲ್ಲಿ ಎಷ್ಟಿದೆಯೆಂದು ಕಾಣುತ್ತಿರಲಿಲ್ಲ. ಮುದುಕಪ್ಪನ ಕೊಕ್ಕೆಯ ಮುಂದೆ ನಿಂತ. ಹಿಡಿ ಸವೆದು ಮಗುವಿನ ಬೆರಳಿನಷ್ಟು ಸಣ್ಣಗಾಗಿತ್ತು. ಮುದುಕನನ್ನು ಬಿಟ್ಟು ಉಳಿದವರೆಲ್ಲ ಇದರ ಕೆಳಗೇ ಹಾಕಿರುತ್ತಾರೆ, ಹಾಕುತ್ತಾರೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಮುದುಕನನ್ನು ಇಳಿಸುವಾಗ ಎದ್ದು ನಿಂತು ಏನೇನು ಅನ್ನಬೇಕೆಂದು ಹಿಂದಿನ ದಿನದಿಂದಲೇ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ. ಒಬ್ಬೊಬ್ಬನ ಹೆಸರು ಹಿಡಿದು ಬೈಯುವುದಿತ್ತು. ಯಾವ ಕಪ್ಪಿಗೂ ಹಾಕದೆ ಕಾಳನ್ನು ಬಾಯಿಗೆ ಹಾಕಿಕೊಂಡ. ಹೊಟ್ಟು ಸಮೇತ ಅಗಿಯುತ್ತ ಹೊರಗೆ ಬಂದ.

ಎಲ್ಲರದೂ ಮುಗಿದ ಮೇಲೆ ಎಣಿಕೆ. ಎಣಿಸುವುದು ಮುಕಾದಮನ ಹಕ್ಕು. ಗೌಸ್‌ಸಾಬ್ ಟವೆಲು ಹಾಸಿ, ಒಂದೊಂದೇ ಕಪ್ಪನ್ನು ಬೋರಲು ಹಾಕತೊಡಗಿದ. ಖಾಲಿ. ಖಾಲಿ. ಮೂರನೆಯದು ಅವನದೇ ಕಪ್ಪು. ಅದರಿಂದ ಒಂದು ಕಾಳು ಬಿತ್ತು. ಅವನು ಎಲ್ಲರ ಮುಖ ನೋಡಿದ. ಜಾವೀದ್ ಮೇಲ್ಛಾವಣಿ ನೋಡಿದ. ಮತ್ತೆ ಖಾಲಿ, ಖಾಲಿ. ಮುದುಕಪ್ಪನ ಕಪ್ಪು ಬಂತು.

ಧಾನ್ಯ ಅಳೆಯುವ ಕೈ ಮೊದಲನೆಯದಕ್ಕೆ ಎಂದೂ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತದೆ. ಮೂವತ್ತು ವರ್ಷ ಚೀಲ ಎಣಿಸಿದ ನಾಲಿಗೆ ಗೌಸ್‌ಸಾಬನದು. ಅದಕ್ಕೆ ಬೇರೆ ಎಣಿಕೆ ಬರುತ್ತಿರಲಿಲ್ಲ.

"ಲಾಭ," ಅಂದ. "ಎರಡು. ಮೂರು."

ಅಷ್ಟೇ. ಕಪ್ಪು ಕೊಡವಿದ. ಇನ್ನೇನೂ ಬೀಳಲಿಲ್ಲ. ಮಲ್ಲೇಶ ಕತ್ತು ಉದ್ದ ಮಾಡಿದ. ಮೂರೇ ಎಂದರೆ ಟೋಳಿಯಲ್ಲಿ ಇನ್ನೂ ಮನುಷ್ಯರಿದ್ದಾರೆ. ನಿನ್ನೆಯಿಂದ ಇವರಿಗೆಂದು ಕೂಡಿಟ್ಟ ಬೈಗುಳವೆಲ್ಲ ದಂಡವಾಯಿತಲ್ಲ ಎಂದು ಅವನಿಗೆ ನಾಚಿಕೆಯೇ ಆಯಿತು. ಮತ್ತೆ ಮೂರು ಕಪ್ಪು ಖಾಲಿ ಬಂದವು. ಕೊನೆಯ ಮೊಳೆಯ ಹಿಂದಿನ ಮೊಳೆ ಅವನದು.

"ಲಾಭ," ಅಂದ ಗೌಸ್‌ಸಾಬ್. ಅವನ ದನಿ ಇಳಿದಿತ್ತು. "ಎರಡು. ಮೂರು. ನಾಕು. ಐದು. ಆರು."

ಕೊನೆಯ ಕಪ್ಪನ್ನು ಬೋರಲು ಹಾಕುವ ಗೋಜಿಗೂ ಅವನು ಹೋಗಲಿಲ್ಲ. ಸುನೀಲನೇ ಹಾಕಿದ, ಖಾಲಿ. "ಹತ್ತ ಆತು. ಇನ್ನೊಂದು ಕಾಳು ಎಲ್ಲಿ?" ಅಂದ.

"ಇಲಿ ತಿಂದಿರಬೇಕ್ರಿ ಸರ," ಅಂದ ಜಾವೀದ್. ಈ ಸಲ ಯಾರೂ ನಗಲಿಲ್ಲ.

ಮಲ್ಲೇಶ ಎದ್ದು ನಿಂತ. ಜೋಡಿಸಿಟ್ಟುಕೊಂಡ ಮಾತುಗಳೆಲ್ಲ ಇನ್ನೊಬ್ಬರ ಪರವಾಗಿ ಆಡಬೇಕಾದವಾಗಿದ್ದವು. ತನ್ನ ಪರವಾಗಿ ಒಂದೂ ಇರಲಿಲ್ಲ.

"ಯಾಕ?" ಅಂದ.

ಜಾವೀದನ ಮುಂದೆ ಹೋಗಿ ನಿಂತ. "ನಿನ್ನ ಕೇಳಾಕತ್ತೀನಲೇ. ಯಾಕ? ನಾ ಏನ್ ಮಾಡೀನಿ?"

ಜಾವೀದ್ ಮೊದಲು ಹಿಂದೆ ಸರಿದ. ಆಮೇಲೆ ಅವನಿಗೂ ಸಿಟ್ಟು ಬಂತು. "ಏನ್ ಮಾಡೀನಿ ಅಂತ ಕೇಳ್ತಿಯೇನು? ಹತ್ತು ಮಂದಿ ಸಾಕು ಅಂತ ಮ್ಯಾನೇಜರ್‌ಗ ಯಾರು ತೋರ್ಸಿದ್ದು? ನಿನ್ನಿ ಮಾಮಾ ನಮಗ ಹೇಳ್ಯಾರ, ಅವರ್ನ ಕೇಳು."

ಗೌಸ್‌ಸಾಬ್ ಟವೆಲಿನ ಮೇಲಿನ ಕಾಳುಗಳನ್ನು ಒಂದು ಕಡೆ ಗುಡ್ಡೆ ಮಾಡುತ್ತ ಹೇಳಿದ. ತಲೆ ಎತ್ತಲಿಲ್ಲ. "ಗೋದಾಮಿನ್ಯಾಗ ಕ್ಯಾಮೆರಾ ಐತಲ್ಲ ಬೇಟಾ. ನಿನ್ನಿ ನನ್ನ ಕರದು ಕಂಪ್ಯೂಟರ್‌ನ್ಯಾಗ ತೋರ್ಸಿದ್ರು. ನೀ ಎರಡೆರಡು ಸಲ ಹೋಗಾಕತ್ತಿ, ಓಡಾಕತ್ತಿ. ಮುದುಕಪ್ಪ ಬೀಡಿ ಸೇದಾಕತ್ತಾನ. 'ನೋಡು ಗೌಸ್‌ಸಾಬ್, ಒಬ್ಬನ ಇಬ್ಬರದು ಮಾಡಾಕತ್ತಾನ, ಹನ್ನೊಂದು ಮಂದಿ ಯಾಕ ಬೇಕು' ಅಂದ್ರು. ನಾ ಏನ್ ಹೇಳ್ಲಿ?"

"ಅಂದ್ರ ಕಾಕಾನ್ನ ಇಳಸಬೇಕಿತ್ತು, ನನ್ನ ಯಾಕ," ಎಂಬ ಮಾತು ಮಲ್ಲೇಶನ ಬಾಯಿಯವರೆಗೂ ಬಂತು. ಬಂದದ್ದು ಗೊತ್ತಾಗಿ ತನ್ನ ಮೇಲೆ ತನಗೇ ಹೇಸಿಗೆಯಾಗಿ ತಡೆದುಕೊಂಡ. ಆದರೆ ಮುಖದ ಮೇಲೆ ಅದು ಕಂಡಿರಬೇಕು, ಜಾವೀದ್ ಅದಕ್ಕೇ ಉತ್ತರ ಕೊಟ್ಟ.

"ಮುದುಕನ್ನ ಇವತ್ತ ಇಳಸಿದ್ರ ನಾಳಿಗೆ ನಮ್ಮ ಮೊಣಕಾಲು ನೋವಾದಾಗ ನಮ್ಮನ್ನ ಇಳಸ್ತಾರ. ಅದು ಪದ್ಧತಿ ಆಕ್ಕೈತಿ. ನೀ ಉಳದ್ರ ಇನ್ನೂ ಕಷ್ಟ. ನೀ ಓಡ್ತಿ, ಅವರು ನಮಗೂ ಓಡು ಅಂತಾರ. ಮುಂದಿನ ವರ್ಷ ಒಂಬತ್ತು ಸಾಕು ಅಂತಾರ. ನಮ್ಮ ಮ್ಯಾಲ ಸಿಟ್ಟಾಗಬ್ಯಾಡ, ವಿಚಾರ ಮಾಡಿ ನೋಡು."

ಈ ತಲೆಗೆ ವಿಚಾರ ಮಾಡು ಎಂದು ಒಬ್ಬ ಹೇಳಿದ್ದು ಇದೇ ಮೊದಲು. ಮಲ್ಲೇಶ ವಿಚಾರ ಮಾಡಿದ. ಜಾವೀದ್ ಹೇಳಿದ್ದರಲ್ಲಿ ಎಲ್ಲೂ ಎಳೆ ತಪ್ಪಿರಲಿಲ್ಲ. ಸುಳ್ಳಾಗಿದ್ದರೆ ಒಬ್ಬನನ್ನಾದರೂ ಎತ್ತಿ ಹೊಟ್ಟಿನಲ್ಲಿ ಊರಬಹುದಿತ್ತು. ಅವನ ಸಿಟ್ಟು ಗೋದಾಮಿನ ತುಂಬ ಸುತ್ತಿತು; ಹಿಡಿಯಲು ಒಂದು ಕುತ್ತಿಗೆ ಸಿಗಲಿಲ್ಲ.

"ಪೈಲ್ವಾನನ್ನ ಹಾಕಿದಾಗ ಅತ್ತಿರಲ್ಲ," ಅಂದ. "ಟಿವಿ ಬಂದ್ ಮಾಡಿದ್ರಲ್ಲ."

"ಅದು ಬ್ಯಾರೆ," ಅಂದ ಇನ್ನೊಬ್ಬ, ನಿಜಕ್ಕೂ ನೊಂದುಕೊಂಡು. "ಅವನು ಪಾಪ ಕಾಡಿನ್ಯಾಗಿದ್ದ."

ಮುದುಕಪ್ಪ ಗೋಡೆ ಹಿಡಿದು ಎದ್ದು ಮಲ್ಲೇಶನ ಹತ್ತಿರ ಬಂದ. ಅವನ ತೋಳು ಹಿಡಿದುಕೊಂಡ. ಚೀಲ ಹೊರಲು ಕಲಿಸುವಾಗ ಹಿಡಿಯುತ್ತಿದ್ದ ಕೈ ಅದು. ಈಗ ಹಿಡಿತ ಇರಲಿಲ್ಲ, ಬರೀ ಭಾರ ಇತ್ತು.

"ನಾನೂ ನಿನಗ ಹಾಕೀನಿ ತಮ್ಮಾ," ಅಂದ. "ಮನಸಿನ್ಯಾಗ ಇಟ್ಕೋಬ್ಯಾಡ ಅಂತ ಹೇಳಾಕತ್ತೀನಿ. ನನ್ನ ಇಳಸಿದ್ರ ನಾ ಸೋಮವಾರ ಏನ್ ಉಣ್ಲಿ? ನೀ ಗಟ್ಟಿ ಅದಿ. ಕಲ್ಲ ಮ್ಯಾಲ ಒಗದ್ರೂ ಬದುಕ್ತಿ. ಹಟ್ಟಿ ಗಣಿ ಕಡಿ ಹೋಗು, ಗುತ್ತಿಗಿ ಕೆಲಸ ಏನರ ಇರ್ತಾವ. ಇಲ್ಲಾ ಕಾಲುವಿ ಕೆಲಸ. ನಿನ್ನಂಥಾವ ಎಲ್ಲ್ಯಾರ ಉಳಿತಾನ."

"ಖರೇ ಮಾತು," ಎಂದು ಎರಡು ಮೂರು ದನಿ ಒಪ್ಪಿದವು. ಗಟ್ಟಿಯಾಗಿರುವುದು ಮಲ್ಲೇಶನ ಕಡೆಯಿಂದಾದ ಅಪರಾಧ, ಅದನ್ನು ಅವರು ಕ್ಷಮಿಸುತ್ತಿದ್ದಾರೆ ಎಂಬಂತಿತ್ತು ಆ ದನಿ.

ಇಷ್ಟೂ ಹೊತ್ತು ಸುನೀಲನ ಮೊಬೈಲ್ ನಡೆಯುತ್ತಲೇ ಇತ್ತು. "ಮಲ್ಲೇಶ, ಇಲ್ಲಿ ನೋಡಪ. ಹೋಗಾಕಿಂತ ಮೊದಲ ಟೋಳಿ ಬಗ್ಗೆ ಎರಡ ಒಳ್ಳೆ ಮಾತು. ಸಿಟ್ಟಿಲೆ ಬ್ಯಾಡ. ಜನ ನೋಡ್ತಾರ."

ಮಲ್ಲೇಶ ಅವನ ಕಡೆ ನೋಡಿದ. ಟೋಳಿಯವರೆಲ್ಲ ಸ್ವಲ್ಪ ಸರಿದು, ಚಿತ್ರದಲ್ಲಿ ತಾವೂ ಬರುವ ಹಾಗೆ ನಿಂತಿದ್ದರು. ಒಬ್ಬ ಟವೆಲು ಸರಿಪಡಿಸಿಕೊಂಡ. ಜಾವೀದನ ಕಣ್ಣಲ್ಲಿ ನೀರು ನಿಂತಿತ್ತು. ಆ ನೀರು ಖರೇ ಇತ್ತು, ಅದೇ ತಾಳಲಾಗದ ಮಾತು. ಇವರು ಅತ್ತಿ ಕನ್ನಡಕರ ಹಾಗೆ ಒಳಗೊಳಗೇ ನಗುತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಅವನು ಮುದುಕಪ್ಪನ ಕೈಯನ್ನು ತೋಳಿನಿಂದ ಬಿಡಿಸಿ, ಪಕ್ಕದ ಚೀಲದ ಮೇಲೆ ಅವನನ್ನು ಕೂರಿಸಿದ. ಒಗೆದು ಕೂರಿಸಲಿಲ್ಲ, ಮೆಲ್ಲಗೆ ಕೂರಿಸಿದ. ಬುತ್ತಿಯ ಡಬ್ಬಿ ತೆಗೆದುಕೊಂಡು ಅಂಗಳಕ್ಕೆ ಇಳಿದ. ಕಾಟಾ ಕೋಣೆಯ ಕಿಟಕಿಯೊಳಗೆ ಟಿವಿ ತನ್ನಷ್ಟಕ್ಕೆ ಆಡುತ್ತಿತ್ತು. ಕನ್ನಡಕ ಒದ್ದೆ ಕಟ್ಟಿಗೆಯನ್ನು ಊದಿ ಊದಿ ಕೆಮ್ಮುತ್ತಿದ್ದ. ನೋಡುವವರು ಅಲ್ಲಿ ಯಾರೂ ಇರಲಿಲ್ಲ.

ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಗೌಸ್‌ಸಾಬ್ ಹಿಂದೆ ಓಡಿ ಬಂದ. ಓಡುವ ವಯಸ್ಸಲ್ಲ, ಏದುಸಿರು ಬಿಡುತ್ತಿದ್ದ.

"ಮಲ್ಲೇಶ. ನಿಲ್ಲೋ ಬೇಟಾ. ಕೆಲಸ ಇಲ್ಲಂದ್ರ ಏನಾತು, ನಮಗ ನೀ ಬ್ಯಾರೆ ಅಲ್ಲ. ಸೋಮವಾರ ಒಂದಕ್ಕ ಜರೂರ್ ಬಾ. ನಿನ್ನ ಜಾಗಾದಾಗ ಯಾರನ್ನೂ ಕುಂದ್ರಸಂಗಿಲ್ಲ." ಉಸಿರು ಎಳೆದುಕೊಂಡು, ಒಳ್ಳೆಯ ಸುದ್ದಿಯನ್ನು ಕೊನೆಗಿಟ್ಟವನ ಹಾಗೆ ಸೇರಿಸಿದ: "ಟಿವಿನ್ಯಾಗ ಪೈಲ್ವಾನನ್ನ ತಿರುಗಿ ಕರಸ್ತಾರಂತ, ಕೂಡಿ ನೋಡೂಣು. ಮಂದಿ ಬಹಳ ಗದ್ದಲ ಮಾಡಿದ್ರಂತ. ಸುನೀಲ ಸರ ಹೇಳಿದ್ರು. ಇನ್ಸಾಫ್ ಅನ್ನಾದು ಇನ್ನಾ ಐತಿ ನೋಡು."

ಗೇಟಿನ ಹೊರಗೆ ಭತ್ತ ತುಂಬಿದ ಮೂರು ಲಾರಿ ಸರದಿಯಲ್ಲಿ ನಿಂತಿದ್ದವು. ಮಲ್ಲೇಶ ಅವುಗಳ ಪಕ್ಕದಿಂದ ದಾಟಿ ಮಸ್ಕಿ ರಸ್ತೆಗೆ ಹತ್ತಿದ.

"ಬರ್ತಿಯಿಲ್ಲೋ?" ಎಂದು ಹಿಂದಿನಿಂದ ಗೌಸ್‌ಸಾಬ್ ಕೂಗಿ ಕೇಳಿದ.

ಮಲ್ಲೇಶ ಬಸ್ಸಿಗೂ ನಿಲ್ಲದೆ ನಡೆದುಬಿಟ್ಟ.